ದುಡಿಮೆಯ ವೇಳೆ ಮೈಮೇಲೆ ಏಳುವ ದದ್ದು: ಕಾರಣ, ಎಚ್ಚರ, ಪರಿಹಾರ

ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಪರಂಪರೆ ನಮ್ಮದು. ಕಾಯಕಕ್ಕೆ ಕಾಯವೇ ಸಾಧನ. ಆ ಕಾಯವನ್ನು ಹೊರಗಿನಿಂದ ಕಾಯುತ್ತಿರುವ ಚರ್ಮವು ನಮ್ಮ ದೇಹದ ಅತಿ ದೊಡ್ಡ ಅಂಗ. ಬಿಸಿಲು, ಧೂಳು, ಚಳಿ, ಮುಳ್ಳು ಎಲ್ಲವನ್ನೂ ಮೊದಲು ತಾಳಿಕೊಳ್ಳುವುದು ಅದೇ. ಒಳಗೆ ಏನಾದರೂ ಏರುಪೇರಾದಾಗ ಮೊದಲು ಸುಳಿವು ಕೊಡುವುದೂ ಎಷ್ಟೋ ಸಲ ಅದೇ. ಆ ಸುಳಿವನ್ನು ಓದಲು ಕಲಿಯುವುದು ಆರೋಗ್ಯಪಾಲನೆಯ ಒಂದು ಭಾಗ.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಿಂದ ಹಿಡಿದು ಹೊನ್ನಾಳಿ, ನ್ಯಾಮತಿ, ಜಗಳೂರುಗಳವರೆಗೆ ನಮ್ಮ ಭಕ್ತರಲ್ಲಿ ಬಹುಮಂದಿ ಮೈಮುರಿದು ದುಡಿಯುವವರು. ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು. ತೋಟಗಳಲ್ಲಿ ಅಡಿಕೆ ಕೊಯ್ಲು, ಸುಲಿತ. ಬಯಲು ಸೀಮೆಯ ಹೊಲಗಳಲ್ಲಿ ಮೆಕ್ಕೆಜೋಳದ ಕೆಲಸ. ಶಾಲಾ ಕಾಲೇಜುಗಳ ಮಕ್ಕಳು ಕಬಡ್ಡಿ, ಕೊಕ್ಕೊ ಆಡುತ್ತಾರೆ, ಓಡುತ್ತಾರೆ. ಹಿರಿಯರು ಮುಂಜಾನೆ ನಡೆಯುತ್ತಾರೆ. ಇವರಲ್ಲಿ ಕೆಲವರು ಹೇಳುವ ಮಾತೊಂದಿದೆ: "ಬೆವರು ಬಂದ ಕೂಡಲೇ ಮೈಯೆಲ್ಲ ಕಡಿಯುತ್ತದೆ, ಗಂಧೆ ಏಳುತ್ತವೆ, ಸ್ವಲ್ಪ ಹೊತ್ತಿಗೆ ತಾವೇ ಅಡಗುತ್ತವೆ." ಮನೆಯವರು ಅದನ್ನು ಪಿತ್ತ ಎಂದು ಬಿಡುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಹಾಗೆ ಬಿಟ್ಟರೂ ದೊಡ್ಡ ಹಾನಿಯಿಲ್ಲ. ಆದರೆ ಇದೇ ರೂಪದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆ ಅರ್ಧ ಗಂಟೆಯೊಳಗೆ ಪ್ರಾಣಕ್ಕೆ ಕುತ್ತು ತರಬಲ್ಲದು. ಎರಡನ್ನೂ ಬೇರ್ಪಡಿಸಿ ತಿಳಿಯುವುದೇ ಈ ಪಾಠದ ಉದ್ದೇಶ.

ಮೈ ಬಿಸಿಯಾದಾಗ ಚರ್ಮ ಮಾಡುವ ಕೆಲಸ

ದುಡಿಯುವ ಸ್ನಾಯುಗಳು ಶಕ್ತಿಯನ್ನು ಬಳಸುವಾಗ ಅದರ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ಆ ಶಾಖ ಒಳಗೇ ಉಳಿದರೆ ಮೆದುಳು, ಹೃದಯಗಳು ಕೆಡುತ್ತವೆ. ಆದ್ದರಿಂದ ದೇಹ ಎರಡು ಉಪಾಯಗಳನ್ನು ಮಾಡುತ್ತದೆ. ಮೊದಲನೆಯದು, ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿ ರಕ್ತವನ್ನು ಮೇಲ್ಮೈಗೆ ತರುವುದು. ಓಡಿದವರ ಮುಖ ಕೆಂಪಾಗುವುದು ಇದರಿಂದಲೇ, ಅದು ರೋಗವಲ್ಲ. ಎರಡನೆಯದು, ಬೆವರು. ನಮ್ಮ ಚರ್ಮದಲ್ಲಿ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಸುರಿಸಬಲ್ಲನು. ಒಂದು ಲೀಟರ್ ಬೆವರು ಮೈಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಬೆವರು ಸುರಿದರೆ ಸಾಲದು, ಆರಬೇಕು. ಆರದೆ ಬಟ್ಟೆಯಲ್ಲಿ ನಿಂತ ಬೆವರು ತಂಪು ತರುವುದಿಲ್ಲ, ಚರ್ಮವನ್ನು ಮಾತ್ರ ಕೆಡಿಸುತ್ತದೆ.

ಬೆವರಿನ ಗ್ರಂಥಿಗಳನ್ನು ಎಚ್ಚರಿಸುವ ನರಗಳು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಸುರಿಸಿ ಆಜ್ಞೆ ಕೊಡುತ್ತವೆ. ಅವುಗಳ ನೆರೆಯಲ್ಲಿಯೇ ಮಾಸ್ಟ್ ಕೋಶಗಳೆಂಬ ಕಾವಲುಗಾರರಿರುತ್ತವೆ. ಶತ್ರು ಬಂದನೆಂದು ತಿಳಿದಾಗ ಇವು ಒಡೆದು ಹಿಸ್ಟಮಿನ್ ಎಂಬ ವಸ್ತುವನ್ನು ಚೆಲ್ಲುತ್ತವೆ. ಹಿಸ್ಟಮಿನ್ ತಾಗಿದೆಡೆ ರಕ್ತನಾಳ ಸೋರಿ ಚರ್ಮ ಉಬ್ಬುತ್ತದೆ, ಸುತ್ತ ಕೆಂಪಾಗುತ್ತದೆ, ನವೆ ಹುಟ್ಟುತ್ತದೆ. ಇದನ್ನೇ ನಾವು ಗಂಧೆ ಎನ್ನುತ್ತೇವೆ. ನಮ್ಮ ಪ್ರಾಚೀನ ವೈದ್ಯರೂ ಇದನ್ನು ಬಲ್ಲರು. ಮಾಧವನಿದಾನವೆಂಬ ಆಯುರ್ವೇದ ಗ್ರಂಥದಲ್ಲಿ ಶೀತಪಿತ್ತ, ಉದರ್ದ, ಕೋಠ ಎಂಬ ಹೆಸರುಗಳಿಂದ ಇಂಥ ಉಬ್ಬುಗಳ ವಿವರಣೆಯಿದ್ದು, ಅವನ್ನು ಕಣಜ ಕಚ್ಚಿದ ಬಾವಿಗೆ ಹೋಲಿಸಲಾಗಿದೆ.

ಬೆವರುಸಾಲೆ

ಎಲ್ಲಕ್ಕಿಂತ ಸಾಮಾನ್ಯವಾದುದು ಬೆವರುಸಾಲೆ. ಬೆವರಿನ ನಾಳದ ಬಾಯಿ ಮುಚ್ಚಿ, ಬೆವರು ಚರ್ಮದೊಳಗೇ ಸೋರಿದಾಗ ಸಾಸಿವೆ ಕಾಳಿನಂಥ ಕೆಂಪು ಗುಳ್ಳೆಗಳು ಗುಂಪುಗುಂಪಾಗಿ ಏಳುತ್ತವೆ. ಕುತ್ತಿಗೆ, ಬೆನ್ನು, ಎದೆ, ಸೊಂಟದಲ್ಲಿ ಬಟ್ಟೆ ಬಿಗಿದ ಜಾಗ, ಮೊಣಕೈ ಮಡಿಕೆ ಇವು ಅದರ ತಾಣಗಳು. ಸೂಜಿಯಿಂದ ಚುಚ್ಚಿದಂಥ ಉರಿ ಇರುತ್ತದೆ. ಇದರ ಗುರುತು ಏನೆಂದರೆ ಇದು ಗಂಟೆಯೊಳಗೆ ಮಾಯವಾಗುವುದಿಲ್ಲ, ದಿನಗಟ್ಟಲೆ ಇರುತ್ತದೆ.

ಇದಕ್ಕೆ ಔಷಧಕ್ಕಿಂತ ತಂಪೇ ಮದ್ದು. ಸಡಿಲವಾದ ಹತ್ತಿ ಬಟ್ಟೆ, ಕೆಲಸದ ನಡುವೆ ನೆರಳಿನ ವಿರಾಮ, ದಿನಕ್ಕೆರಡು ಬಾರಿ ತಣ್ಣೀರ ಸ್ನಾನ, ಬೆವರಿದ ಬಟ್ಟೆಯ ಬದಲಾವಣೆ ಸಾಕು. ಕ್ಯಾಲಮೈನ್ ಲೇಪನ ನವೆಯನ್ನು ತಗ್ಗಿಸುತ್ತದೆ. ಎಣ್ಣೆ, ಬೆಣ್ಣೆ, ದಪ್ಪ ಮುಲಾಮುಗಳನ್ನು ಬಳಿಯಬಾರದು. ಅವು ಮುಚ್ಚಿದ ಬಾಯಿಯನ್ನು ಇನ್ನಷ್ಟು ಮುಚ್ಚುತ್ತವೆ. ಹಸುಗೂಸುಗಳಿಗೆ ಬೇಸಗೆಯಲ್ಲಿ ಟೊಪ್ಪಿಗೆ, ಉಲ್ಲನ್ ಹೊದಿಸುವ ವಾಡಿಕೆಯೂ ಬೆವರುಸಾಲೆಗೆ ದಾರಿ.

ಬೆವರಿನ ಗಂಧೆ

ಎರಡನೆಯದು ಬೆವರಿನ ಗಂಧೆ. ವೈದ್ಯರು ಇದನ್ನು ಕೋಲಿನರ್ಜಿಕ್ ಅರ್ಟಿಕೇರಿಯಾ ಎನ್ನುತ್ತಾರೆ. 1924ರಲ್ಲಿ ಅಮೆರಿಕದ ವೈದ್ಯ ಡ್ಯೂಕ್ ಇದನ್ನು ಮೊದಲಾಗಿ ವಿವರಿಸಿದರು. ಓಟ ಆರಂಭಿಸಿದ ಕೆಲವೇ ನಿಮಿಷಗಳಲ್ಲಿ, ಮೈ ಬಿಸಿಯಾಗಿ ಬೆವರು ಒಸರುವ ಹೊತ್ತಿಗೆ, ಎದೆ, ಕುತ್ತಿಗೆ, ತೋಳುಗಳ ಮೇಲೆ ಗುಂಡುಸೂಜಿಯ ತಲೆಯಷ್ಟು, ಅಂದರೆ 1ರಿಂದ 3 ಮಿಲಿಮೀಟರ್ ಅಗಲದ ಸಣ್ಣ ಗಂಧೆಗಳು ಏಳುತ್ತವೆ. ಪ್ರತಿಯೊಂದರ ಸುತ್ತ ಕೆಂಪು ವಲಯವಿರುತ್ತದೆ. ಚುರುಚುರು ಎನ್ನುವ ನವೆ ತಾಳಲಾಗದಷ್ಟು ಇರುತ್ತದೆ. ದುಡಿಮೆ ನಿಲ್ಲಿಸಿ ತಂಪಾದರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗುರುತೇ ಉಳಿಯದಂತೆ ಅಡಗುತ್ತವೆ.

ಹತ್ತರಿಂದ ಮೂವತ್ತು ವಯಸ್ಸಿನವರಲ್ಲಿ ಇದು ಹೆಚ್ಚು. ವ್ಯಾಯಾಮವೊಂದೇ ಇದಕ್ಕೆ ಕಾರಣವಲ್ಲ. ಬಿಸಿನೀರ ಸ್ನಾನ, ಖಾರದ ಊಟ, ಸಿಟ್ಟು, ನಾಚಿಕೆ, ಪರೀಕ್ಷೆಯ ಭಯ, ಒಟ್ಟಿನಲ್ಲಿ ಮೈಯನ್ನು ಬಿಸಿಮಾಡಿ ಬೆವರಿಸುವ ಯಾವುದೂ ಇದನ್ನು ಎಬ್ಬಿಸಬಲ್ಲದು. ಕೆಲವರಲ್ಲಿ ತಮ್ಮ ಬೆವರಿನಲ್ಲಿಯೇ ಇರುವ ಅಂಶಕ್ಕೆ ಅಲರ್ಜಿ ಇರುವುದು ಕಂಡುಬಂದಿದೆ. ಇನ್ನು ಕೆಲವರಲ್ಲಿ ಬೆವರು ಸರಿಯಾಗಿ ಬರುವುದೇ ಇಲ್ಲ. ಅಂಥವರಿಗೆ ಬಿಸಿಲ ಬೇಗೆಯ ಅಪಾಯವೂ ಇರುವುದರಿಂದ, "ನನಗೆ ಬೆವರೇ ಬರುವುದಿಲ್ಲ, ಮೈ ಮಾತ್ರ ಚುಚ್ಚುತ್ತದೆ" ಎನ್ನುವವರು ಚರ್ಮವೈದ್ಯರನ್ನು ಕಾಣಲೇಬೇಕು.

ಶಾಲೆಯ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ಆಟದ ಅವಧಿ ಬಂದಾಗಲೆಲ್ಲ ನೆಪ ಹೇಳಿ ಹಿಂದೆ ಸರಿಯುವ ಮಗು ಸೋಮಾರಿಯೇ ಆಗಿರಬೇಕೆಂದಿಲ್ಲ. ಮೈ ಕಡಿಯುವ ಸಂಕಟವನ್ನು ಹತ್ತು ಮಂದಿಯ ಮುಂದೆ ಹೇಳಲು ಮಕ್ಕಳು ನಾಚುತ್ತಾರೆ. ತೋಳು, ಕುತ್ತಿಗೆ ನೋಡಿ ವಿಚಾರಿಸಿದರೆ ವಿಷಯ ತಿಳಿಯುತ್ತದೆ.

ಉಂಡು ದುಡಿದಾಗ ಬರುವ ಅಪಾಯ

ಈಗ ನಾವು ಮುಖ್ಯ ವಿಷಯಕ್ಕೆ ಬರುತ್ತೇವೆ. ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ಅವನು ದಿನವೂ ಚಪಾತಿ ಉಣ್ಣುತ್ತಾನೆ, ಏನೂ ಆಗುವುದಿಲ್ಲ. ದಿನವೂ ಬರಿಹೊಟ್ಟೆಯಲ್ಲಿ ಓಡುತ್ತಾನೆ, ಆಗಲೂ ಏನೂ ಆಗುವುದಿಲ್ಲ. ಒಂದು ದಿನ ಗೋಧಿಹುಗ್ಗಿ ಉಂಡು ಒಂದು ಗಂಟೆಯೊಳಗೆ ವೇಗವಾಗಿ ನಡೆಯುತ್ತಾನೆ. ಅಂಗೈ, ಅಂಗಾಲು ಬಿಸಿಯೇರಿ ನವೆಯಾಗುತ್ತದೆ. ರೂಪಾಯಿಯಗಲದ ಗಂಧೆಗಳು ಏಳುತ್ತವೆ. ತುಟಿ, ಕಣ್ಣುರೆಪ್ಪೆ ಊದುತ್ತವೆ. ಗಂಟಲು ಬಿಗಿಯುತ್ತದೆ, ಉಸಿರು ಸುಯ್ಯೆನ್ನುತ್ತದೆ, ಹೊಟ್ಟೆ ನುಲಿಯುತ್ತದೆ, ಕಣ್ಣು ಕತ್ತಲಿಟ್ಟು ಕುಸಿಯುತ್ತಾನೆ. ಜೊತೆಯವರು ಬಿಸಿಲು ಬಡಿಯಿತೆಂದೋ, ಹುಳು ಮುಟ್ಟಿತೆಂದೋ ತಿಳಿಯುತ್ತಾರೆ. ನಿಜದಲ್ಲಿ ಅದು ಅನಫಿಲ್ಯಾಕ್ಸಿಸ್, ಅಂದರೆ ಇಡೀ ದೇಹವನ್ನು ಒಮ್ಮೆಗೇ ಹಿಡಿಯುವ ತೀವ್ರ ಅಲರ್ಜಿ. ಆ ಹೆಸರನ್ನು 1902ರಲ್ಲಿ ಕೊಟ್ಟವರು ಫ್ರಾನ್ಸಿನ ಶಾರ್ಲ್ ರಿಶೆ. ಆ ಸಂಶೋಧನೆಗಾಗಿ ಅವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆಹಾರ ಮತ್ತು ವ್ಯಾಯಾಮ ಎರಡೂ ಸೇರಿದಾಗ ಮಾತ್ರ ಬರುವ ಈ ಬಗೆಯನ್ನು ವೈದ್ಯಲೋಕ ಮೊದಲು ದಾಖಲಿಸಿದ್ದು 1979ರಲ್ಲಿ. ಚಿಪ್ಪುಮೀನು ತಿಂದು ದೂರ ಓಡಿದ ಓಟಗಾರನೊಬ್ಬನಲ್ಲಿ ಅದು ಕಂಡಿತ್ತು. ಅನಂತರ ಹಲವು ಆಹಾರಗಳು ಪಟ್ಟಿಗೆ ಸೇರಿದವು. ಅವುಗಳಲ್ಲಿ ಪ್ರಮುಖವಾದುದು ಗೋಧಿ. ಗೋಧಿಯ ಅಂಟಿನಲ್ಲಿರುವ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನು ಇದಕ್ಕೆ ಮುಖ್ಯ ಕಾರಣ. ಸುಮ್ಮನೆ ಕುಳಿತಿದ್ದಾಗ ಈ ಪ್ರೋಟೀನು ರಕ್ತಕ್ಕೆ ಸೇರುವುದು ಕಡಿಮೆ. ವ್ಯಾಯಾಮದ ವೇಳೆ ಕರುಳಿನ ಗೋಡೆ ಸಡಿಲಗೊಂಡು ಹೆಚ್ಚು ಒಳಸೇರುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಒಂದು. ಸಾಮಾನ್ಯವಾಗಿ ಉಂಡ ನಾಲ್ಕು ಗಂಟೆಯೊಳಗಿನ ದುಡಿಮೆಯಲ್ಲಿ ಇದು ಸಂಭವಿಸುತ್ತದೆ.

ಜಪಾನಿನಲ್ಲಿ ನಡೆದ ಸಂಗತಿಯೊಂದು ಇಲ್ಲಿ ಪಾಠವಾಗಬಲ್ಲದು. ಅಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ ಮುಖದ ಸೋಪೊಂದು 2004ರಿಂದ 2010ರವರೆಗೆ ಮಾರಾಟವಾಯಿತು. ದಿನವೂ ಅದನ್ನು ಬಳಸಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಹುಟ್ಟಿತು. ಅವರಲ್ಲಿ ಅನೇಕರಿಗೆ ಗೋಧಿ ತಿಂದು ನಡೆದಾಡಿದಾಗ ಕಣ್ಣು ಊದುವುದು, ಗಂಧೆ ಏಳುವುದು ಕಂಡಿತು. ಚರ್ಮದ ಮೂಲಕ ಪರಿಚಯವಾದ ವಸ್ತುವನ್ನು ದೇಹ ಶತ್ರುವೆಂದು ಎಣಿಸಿ, ಅದೇ ವಸ್ತು ಊಟದಲ್ಲಿ ಬಂದಾಗ ಹೋರಾಡಿತು. ಒಡೆದ, ಗಾಯವಾದ ಚರ್ಮದ ಮೇಲೆ ಆಹಾರದ ಹಿಟ್ಟುಗಳನ್ನು ದಿನವೂ ಉಜ್ಜುವುದು ವಿವೇಕವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇದು ಹೊರದೇಶದವರ ರೋಗವೆಂದು ತಿಳಿಯಬಾರದು. ಭಾರತದ ವೈದ್ಯರೂ ಇಂಥ ರೋಗಿಗಳನ್ನು ದಾಖಲಿಸಿದ್ದಾರೆ. ಇದು ವಿರಳವಾದ ಕಾಯಿಲೆ. ಗೋಧಿಯನ್ನು ಎಲ್ಲರೂ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ದಾಸೋಹದ ಪಂಕ್ತಿಯಲ್ಲಿ ಗೋಧಿಹುಗ್ಗಿ, ಶಾವಿಗೆ ಪಾಯಸ, ಚಪಾತಿ, ಹೋಳಿಗೆ, ರವೆಯ ಉಪ್ಪಿಟ್ಟು ಎಲ್ಲವೂ ಗೋಧಿಯವೇ. ಪ್ರಸಾದ ಸ್ವೀಕರಿಸಿ ಒಡನೆಯೇ ಪಾದಯಾತ್ರೆ ಮುಂದುವರಿಸುವವರೂ ನಮ್ಮಲ್ಲಿಯೇ ಇದ್ದಾರೆ. ಅದಕ್ಕಾಗಿ ಈ ತಿಳಿವಳಿಕೆ ನಮಗೆ ಇತರರಿಗಿಂತ ಹೆಚ್ಚು ಅಗತ್ಯ.

ಇನ್ನೊಂದು ಮಾತು. ನೋವಿನ ಮಾತ್ರೆಗಳು, ಅದರಲ್ಲೂ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯವು, ಈ ಅಪಾಯವನ್ನು ಹೆಚ್ಚಿಸುತ್ತವೆ. ಮೊಣಕಾಲು ನೋವೆಂದು ಊಟವಾದ ಮೇಲೆ ಮಾತ್ರೆ ನುಂಗಿ ನಡೆಯಲು ಹೊರಡುವುದು ಎಲ್ಲರೂ ಮಾಡುವ ಕೆಲಸ. ಒಮ್ಮೆಯಾದರೂ ನಡೆಯುವಾಗ ಗಂಧೆ ಎದ್ದವರು ಹಾಗೆ ಮಾಡಬಾರದು. ಮದ್ಯ, ನಿದ್ರೆಗೇಡು, ಜ್ವರ, ಕೆಲವು ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳು ಕೂಡ ಇದಕ್ಕೆ ಒತ್ತಾಸೆಯಾಗುತ್ತವೆ. ಆದ್ದರಿಂದಲೇ ಅದೇ ಊಟ, ಅದೇ ನಡಿಗೆ ಒಂದು ದಿನ ಏನೂ ಮಾಡದೆ ಇನ್ನೊಂದು ದಿನ ಕೆಡವುತ್ತದೆ.

ಎರಡನ್ನೂ ಬೇರ್ಪಡಿಸುವ ಬಗೆ

ಸಾಧು ಸ್ವಭಾವದ ಬೆವರಿನ ಗಂಧೆಗೂ ಈ ಅಪಾಯದ ಗಂಧೆಗೂ ವ್ಯತ್ಯಾಸ ತಿಳಿಯಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

1. ಗಂಧೆಯ ಗಾತ್ರವೆಷ್ಟು? ಸೂಜಿತಲೆಯಷ್ಟಿದ್ದರೆ ಬೆವರಿನ ಗಂಧೆ ಇರಬಹುದು. ಒಂದು ಸೆಂಟಿಮೀಟರಿಗೂ ಮೀರಿ ಅಗಲವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದರೆ ಎಚ್ಚರ ಬೇಕು.

2. ಬಿಸಿನೀರ ಸ್ನಾನದಲ್ಲಿಯೂ ಏಳುತ್ತವೆಯೇ? ಬೆವರಿನ ಗಂಧೆ ದುಡಿಮೆಯಿಲ್ಲದೆ ಬರಿಯ ಬಿಸಿಯಿಂದಲೂ ಏಳುತ್ತದೆ. ವ್ಯಾಯಾಮದ ಅನಫಿಲ್ಯಾಕ್ಸಿಸ್ ಬರಿಯ ಬಿಸಿಯಿಂದ ಬರುವುದಿಲ್ಲ.

3. ಚರ್ಮದಾಚೆ ಏನಾದರೂ ಇದೆಯೇ? ತುಟಿ, ನಾಲಗೆ ಊತ, ದನಿ ಕಟ್ಟುವುದು, ಉಸಿರಾಟದ ಕಷ್ಟ, ವಾಂತಿ, ಹೊಟ್ಟೆನೋವು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅದನ್ನು ಬರಿಯ ಚರ್ಮದ ಕಾಯಿಲೆ ಎನ್ನುವಂತಿಲ್ಲ.

4. ಹಿಂದಿನ ನಾಲ್ಕು ಗಂಟೆಯಲ್ಲಿ ಏನು ಉಂಡಿದ್ದರು, ಯಾವ ಮಾತ್ರೆ ನುಂಗಿದ್ದರು? ಇದನ್ನು ಬರೆದಿಟ್ಟುಕೊಂಡರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ದದ್ದು ಅಡಗುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಇವೆರಡರ ಜೊತೆಗೆ ತಂಪಿನ ಗಂಧೆಯೆಂಬುದೂ ಇದೆ. ತಣ್ಣೀರು, ತಣ್ಣನೆ ಗಾಳಿ ತಾಗಿದೆಡೆ ಚರ್ಮ ಉಬ್ಬುತ್ತದೆ. ಇಂಥವರು ದುಡಿದು ಬೆವರಿ ಒಮ್ಮೆಗೇ ನಾಲೆಗೋ ಕೆರೆಗೋ ಧುಮುಕಿದರೆ ಇಡೀ ಮೈಯಲ್ಲಿ ಹಿಸ್ಟಮಿನ್ ಹರಡಿ, ನೀರಿನಲ್ಲಿಯೇ ಪ್ರಜ್ಞೆ ತಪ್ಪಬಹುದು. ಐಸಿನ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಐದು ನಿಮಿಷ ಮುಂಗೈಗೆ ಹಿಡಿದು, ತೆಗೆದ ಮೇಲೆ ಹತ್ತು ನಿಮಿಷದಲ್ಲಿ ಅಲ್ಲಿ ಗಂಧೆ ಏಳುವುದೇ ಎಂದು ವೈದ್ಯರು ಪರೀಕ್ಷಿಸುತ್ತಾರೆ.

ದೂರ ನಡೆದವರ ಕಾಲಿನ ಕೆಂಪು

ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ದಾವಣಗೆರೆ ಕಡೆಯಿಂದ ಸಾವಿರಾರು ಭಕ್ತರು ಕೊಟ್ಟೂರಿಗೆ ನಡೆದೇ ಹೋಗುತ್ತಾರೆ. ಬೇಸಗೆ ಕಾಲಿಡುವ ಹೊತ್ತು ಅದು. ಹೀಗೆ ಬಿಸಿಯಲ್ಲಿ ಹಲವು ಗಂಟೆ ನಡೆದವರಲ್ಲಿ, ಅದರಲ್ಲೂ ಐವತ್ತು ದಾಟಿದವರಲ್ಲಿ, ಮೊಣಕಾಲ ಕೆಳಗೆ ಕೆಂಪು ಅಥವಾ ನೇರಳೆ ಛಾಯೆಯ ಮಚ್ಚೆಗಳು ಕಾಣಿಸಿಕೊಳ್ಳುವುದುಂಟು. ಉರಿ, ನವೆ, ಸ್ವಲ್ಪ ಊತ ಇರುತ್ತದೆ. ಕಾಲುಚೀಲ ಬಿಗಿದಿದ್ದ ಜಾಗ ಮಾತ್ರ ಚೆನ್ನಾಗಿರುತ್ತದೆ. ಇದನ್ನು ನೋಡಿ ಕೆಲವರು ಹುಲ್ಲು ತಾಗಿತೆನ್ನುತ್ತಾರೆ, ಕೆಲವರು ಸರ್ಪಸುತ್ತೆನ್ನುತ್ತಾರೆ. ಇದು ಎರಡೂ ಅಲ್ಲ. ಬಿಸಿ ಮತ್ತು ದೀರ್ಘ ನಡಿಗೆಯಿಂದ ಕಾಲಿನ ಸಣ್ಣ ರಕ್ತನಾಳಗಳು ಉರಿಗೊಂಡು ಸೋರುವ ಸ್ಥಿತಿ. ಹೆಚ್ಚಿನವರಲ್ಲಿ ಮೂರರಿಂದ ಹತ್ತು ದಿನಗಳಲ್ಲಿ ತಾನೇ ಮಾಗುತ್ತದೆ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ಮಲಗುವುದು, ತಣ್ಣೀರ ಬಟ್ಟೆ ಹಾಕುವುದು ಸಾಕು. ಮುಂದಿನ ಸಲ ಬಿಸಿಲೇರುವ ಮುನ್ನ ನಡೆಯುವುದು, ನಡುನಡುವೆ ಕಾಲೆತ್ತಿ ವಿಶ್ರಮಿಸುವುದು, ಹಿತವಾಗಿ ಬಿಗಿಯುವ ಕಾಲುಚೀಲ ಧರಿಸುವುದು ಇದನ್ನು ತಪ್ಪಿಸಬಹುದು.

ಆದರೆ ಗಾಜಿನ ಲೋಟದಿಂದ ಒತ್ತಿದಾಗ ಮಾಸದ ನೇರಳೆ ಮಚ್ಚೆಗಳ ಜೊತೆಗೆ ಜ್ವರ, ಕೀಲುನೋವು, ಹೊಟ್ಟೆನೋವು, ಮೂತ್ರದಲ್ಲಿ ರಕ್ತ ಇದ್ದರೆ ಅದು ನಡಿಗೆಯ ದದ್ದಲ್ಲ. ಒಂದೇ ಕಾಲು ಊದಿ, ಮೀನಖಂಡ ಗಟ್ಟಿಯಾಗಿ ನೋಯುತ್ತಿದ್ದರೂ ಅಷ್ಟೇ. ಅಂದೇ ವೈದ್ಯರನ್ನು ಕಾಣಬೇಕು.

ಹೊಲದ ಬದುವಿನ ಗಿಡ, ಬೆವರಿನ ಮಡಿಕೆ

ದುಡಿಯುವಾಗ ಎದ್ದ ದದ್ದೆಲ್ಲ ದುಡಿಮೆಯಿಂದಲೇ ಎದ್ದದ್ದಲ್ಲ. ನಮ್ಮ ಹೊಲದ ಬದು, ನಾಲೆಯ ದಂಡೆಗಳಲ್ಲಿ ಬಿಳಿ ಹೂ ಬಿಟ್ಟು ನಿಂತಿರುವ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಚರ್ಮದ ಅಲರ್ಜಿಗೆ ದೊಡ್ಡ ಕಾರಣ. ಅಮೆರಿಕ ಖಂಡದ ಮೂಲದ ಈ ಗಿಡ 1955ರ ಸುಮಾರಿಗೆ ಪುಣೆಯಲ್ಲಿ ಗಮನಕ್ಕೆ ಬಂದು, ಕೆಲವೇ ದಶಕಗಳಲ್ಲಿ ಕರ್ನಾಟಕವನ್ನೂ ಆವರಿಸಿತು. ಅದನ್ನು ತಿನ್ನುವ ಒಂದು ಜಾತಿಯ ಮೆಕ್ಸಿಕೋ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತಾದರೂ ಗಿಡ ಇಂದಿಗೂ ನಮ್ಮೊಡನಿದೆ. ಅದರ ಎಲೆ, ರೋಮ, ಒಣಗಿದ ಪುಡಿಯಲ್ಲಿ ಪಾರ್ಥೇನಿನ್ ಎಂಬ ವಸ್ತುವಿದೆ. ಗಾಳಿಯಲ್ಲಿ ಹಾರಿಬಂದ ಪುಡಿ ಬೆವರಿದ ಮೈಗೆ ಅಂಟಿ ಕಣ್ಣುರೆಪ್ಪೆ, ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೆರೆತ ತರುತ್ತದೆ. ಈ ದದ್ದು ಗಂಟೆಯಲ್ಲಿ ಅಡಗುವುದಿಲ್ಲ. ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ, ಕಪ್ಪಾಗಿ, ಬಿಸಿಲನ್ನೇ ತಾಳದಂತಾಗುತ್ತದೆ. ಇಂಥವರು ಕಳೆ ಕೀಳುವಾಗ ತುಂಬುತೋಳಿನ ಅಂಗಿ, ಕೈಗವಸು ಧರಿಸಬೇಕು, ಮನೆಗೆ ಬಂದೊಡನೆ ಮೈ ತೊಳೆದು ಬಟ್ಟೆ ಬದಲಿಸಬೇಕು. ಕಿತ್ತ ಗಿಡವನ್ನು ಹೂ ಬಿಡುವ ಮುನ್ನವೇ ಕೀಳಬೇಕು, ಒಣಗಿಸಿ ಸುಡಬಾರದು. ಹೊಗೆಯೂ ಧೂಳೂ ಅಲರ್ಜಿಯವರಿಗೆ ಕೇಡು.

ಇನ್ನು ತೊಡೆಸಂದು, ಕಂಕುಳು, ಸೊಂಟಪಟ್ಟಿಯ ಕೆಳಗೆ ಅಂಚು ಉಬ್ಬಿ ನಡು ತಿಳಿಯಾದ ಬಳೆಯಾಕಾರದ ದದ್ದು ಹುಳುಕಡ್ಡಿ. ಅದು ಶಿಲೀಂಧ್ರದ ಸೋಂಕು. ಬೆವರು ಅದನ್ನು ಬೆಳೆಸುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡು ದಿನ ನವೆ ಅಡಗಿ ಗುಣವಾದಂತೆ ತೋರುತ್ತದೆ. ಬಿಟ್ಟೊಡನೆ ಇಮ್ಮಡಿಯಾಗಿ ಹರಡುತ್ತದೆ. ದೇಶದಾದ್ಯಂತ ಇಂದು ಹುಳುಕಡ್ಡಿ ಹಟಮಾರಿಯಾಗಿರುವುದಕ್ಕೆ ಇದೊಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ.

ತುರ್ತಿನಲ್ಲಿ ಮಾಡಬೇಕಾದದ್ದು

ದುಡಿಯುವಾಗ, ಓಡುವಾಗ ಗಂಧೆ ಏಳತೊಡಗಿದರೆ ಮೊದಲ ಮದ್ದು ನಿಲ್ಲುವುದು. "ಇನ್ನೊಂದು ಸಾಲು ಮುಗಿಸಿಬಿಡೋಣ" ಎನ್ನಬಾರದು. ಅಡಿಕೆ ಮರದ ಮೇಲಿರುವವರು ಅಂಗೈ ನವೆ, ಮೈ ಬಿಸಿ ಕಂಡ ಕ್ಷಣವೇ ಕೆಳಗಿಳಿಯಬೇಕು. ತಲೆ ಸುತ್ತುವವರೆಗೆ ಕಾದರೆ ಇಳಿಯುವ ಶಕ್ತಿ ಉಳಿಯದು.

ಉಸಿರಾಟ ಕಟ್ಟುತ್ತಿದ್ದರೆ, ನಾಲಗೆ ಗಂಟಲು ಊದುತ್ತಿದ್ದರೆ, ಕಣ್ಣು ಕತ್ತಲಿಟ್ಟರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಬೆನ್ನ ಮೇಲೆ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟಕ್ಕೆ ಕಷ್ಟವಿದ್ದರೆ ಒರಗಿಸಿ ಕೂರಿಸಬಹುದು. ವಾಂತಿಯಾಗುತ್ತಿದ್ದರೆ, ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಎಬ್ಬಿಸಿ ನಿಲ್ಲಿಸುವುದು, ನಡೆಸಿಕೊಂಡು ಹೋಗುವುದು, ಬೈಕಿನ ನಡುವೆ ಕೂರಿಸಿ ಒಯ್ಯುವುದು ಅಪಾಯ. ರಕ್ತದೊತ್ತಡ ಕುಸಿದವನನ್ನು ನೆಟ್ಟಗೆ ಮಾಡಿದರೆ ಹೃದಯಕ್ಕೆ ರಕ್ತವೇ ಮರಳುವುದಿಲ್ಲ. ಬಾಯಿಗೆ ನೀರು, ಹಾಲು, ನಿಂಬೆರಸ ಹಾಕಬಾರದು.

ಈ ಸ್ಥಿತಿಗೆ ನಿಜವಾದ ಔಷಧ ಒಂದೇ: ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಬದಿಯ ಸ್ನಾಯುವಿಗೆ ಅದನ್ನು ಕೊಡುತ್ತಾರೆ. ಪ್ರಾಯದವರಿಗೆ ಅರ್ಧ ಮಿಲಿಗ್ರಾಂ, ಮಕ್ಕಳಿಗೆ ತೂಕಕ್ಕೆ ತಕ್ಕಷ್ಟು. ಸುಧಾರಿಸದಿದ್ದರೆ ಐದು ನಿಮಿಷಗಳ ಮೇಲೆ ಮತ್ತೆ ಕೊಡುತ್ತಾರೆ. ಅಲರ್ಜಿಯ ಮಾತ್ರೆ, ಸ್ಟೀರಾಯ್ಡ್ ಸೂಜಿ ಇವು ಅದಕ್ಕೆ ಬದಲಿಯಲ್ಲ; ಅವು ಕೆಲಸ ಆರಂಭಿಸುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದ್ದರಿಂದ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ಮೊದಲು ಮುಟ್ಟಬೇಕು; ದೂರದ ದೊಡ್ಡ ಆಸ್ಪತ್ರೆಯನ್ನೇ ಹುಡುಕಿ ಹೊರಡಬಾರದು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಅಲೆ ಎರಡನೆಯ ಬಾರಿ ಮರಳಬಹುದು.

ಔಷಧ ಮತ್ತು ನಂಬಿಕೆ

ಸಾಧಾರಣ ಬೆವರಿನ ಗಂಧೆಗೆ ವೈದ್ಯರು ಸಿಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್‌ನಂಥ ಹಿಸ್ಟಮಿನ್ ತಡೆಯುವ ಮಾತ್ರೆಗಳನ್ನು ಬರೆಯುತ್ತಾರೆ. ಹಳೆಯ ಕಾಲದ ಫೆನಿರಮಿನ್, ಕ್ಲೋರ್‌ಫೆನಿರಮಿನ್ ಮಾತ್ರೆಗಳು ಹೆಚ್ಚು ನಿದ್ರೆ ತರುತ್ತವೆ. ಅವನ್ನು ನುಂಗಿ ಟ್ರ್ಯಾಕ್ಟರ್ ಓಡಿಸುವುದು, ಮರ ಹತ್ತುವುದು, ಅಡಿಕೆ ಸುಲಿಯುವ ಯಂತ್ರದ ಮುಂದೆ ಕೂರುವುದು ದದ್ದಿಗಿಂತ ದೊಡ್ಡ ಅಪಾಯ. ಸಿಟ್ರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಮೊದಲ ಮಾತ್ರೆಯನ್ನು ಕೆಲಸವಿಲ್ಲದ ಸಂಜೆ ತೆಗೆದುಕೊಂಡು ನೋಡುವುದು ಲೇಸು.

ಗಂಧೆ ಎದ್ದಾಗ ಕಂಬಳಿಯಿಂದ ಉಜ್ಜುವ ವಾಡಿಕೆ ನಮ್ಮಲ್ಲಿದೆ. ಉಜ್ಜಿದಾಗ ಕ್ಷಣಕಾಲ ನವೆ ತಗ್ಗಿದಂತೆ ಅನಿಸಿದರೂ, ಒರಟು ಉಜ್ಜುವಿಕೆಯಿಂದ ಇನ್ನಷ್ಟು ಮಾಸ್ಟ್ ಕೋಶಗಳು ಒಡೆದು ಗಂಧೆ ಹರಡುತ್ತದೆ. ತಣ್ಣೀರ ಬಟ್ಟೆಯೇ ಮೇಲು. ವಿಭೂತಿ ನಮಗೆ ಪವಿತ್ರ. ಅದನ್ನು ಭಕ್ತಿಯಿಂದ ಧರಿಸೋಣ. ಆದರೆ ಕೆರೆದು ಗಾಯವಾದ ಚರ್ಮಕ್ಕೆ ಅದನ್ನು ಮದ್ದಾಗಿ ಬಳಿಯುವುದು ತರವಲ್ಲ. ದದ್ದನ್ನು ದೃಷ್ಟಿಯೆಂದೋ ದೈವದ ಮುನಿಸೆಂದೋ ತಿಳಿದು ಕಾಲ ಕಳೆಯುವುದಂತೂ ಶರಣರ ವಿಚಾರಕ್ಕೇ ವಿರುದ್ಧ. ಮೌಢ್ಯವನ್ನು ನಿರಾಕರಿಸಿದವರ ಹೆಸರು ಹೇಳುವ ನಾವು ಮೈಗೆ ಬಂದ ಬೇನೆಯಲ್ಲಿ ಮೌಢ್ಯಕ್ಕೆ ಶರಣಾಗಬಾರದು.

ಹಾಗಾದರೆ ದುಡಿಮೆ ಬಿಡಬೇಕೇ?

ಬೇಡ. ಬೆವರಿನ ಗಂಧೆಯವರಲ್ಲಿ ಒಂದು ವಿಶೇಷವಿದೆ. ಒಮ್ಮೆ ಗಂಧೆ ಎದ್ದು ಅಡಗಿದ ಮೇಲೆ ಕೆಲವು ಗಂಟೆ, ಕೆಲವರಲ್ಲಿ ಒಂದು ದಿನದವರೆಗೂ, ಮತ್ತೆ ಏಳುವುದು ಕಡಿಮೆ. ಆದ್ದರಿಂದ ದಿನವೂ ಸ್ವಲ್ಪ ಸ್ವಲ್ಪ ಬೆವರುವಂತೆ ನಿಧಾನವಾಗಿ ವ್ಯಾಯಾಮ ಏರಿಸುತ್ತ ಹೋದರೆ ಹಲವರಿಗೆ ಬಾಧೆ ತಗ್ಗುತ್ತದೆ. ತಿಂಗಳಿಗೊಮ್ಮೆ ಒಮ್ಮೆಲೇ ಮೈಮುರಿದು ದುಡಿಯುವುದಕ್ಕಿಂತ ದಿನನಿತ್ಯದ ಮಿತವಾದ ಕಾಯಕವೇ ಚರ್ಮಕ್ಕೂ ಹಿತ. ಆದರೆ ಚರ್ಮವಲ್ಲದೆ ಉಸಿರು, ತಲೆಸುತ್ತುಗಳ ಬಾಧೆಯೂ ಇದ್ದವರು ಈ ಅಭ್ಯಾಸವನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು.

ಆಹಾರದೊಡನೆ ಸೇರಿ ಬರುವ ಬಗೆಯವರು ಕಾರಣದ ಆಹಾರವನ್ನು ರಕ್ತಪರೀಕ್ಷೆಯಿಂದ ಗುರುತಿಸಿಕೊಳ್ಳಬೇಕು. ಗೋಧಿಯ ಸಾಮಾನ್ಯ ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದಾದ್ದರಿಂದ ಒಮೆಗಾ-5 ಗ್ಲಯಾಡಿನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಗೋಧಿ ಕಾರಣವೆಂದಾದರೆ, ಅದನ್ನು ಉಂಡ ಮೇಲೆ ಕನಿಷ್ಠ ನಾಲ್ಕು ಗಂಟೆ ದುಡಿಮೆ, ಓಟ, ವೇಗದ ನಡಿಗೆ ಬೇಡ. ದುಡಿಯುವ ದಿನ ಜೋಳದ ರೊಟ್ಟಿ, ರಾಗಿಮುದ್ದೆ, ಅನ್ನ ಉಣ್ಣಬಹುದು. ಇವುಗಳಲ್ಲಿ ಗೋಧಿಯ ಆ ಅಂಟು ಇಲ್ಲ. ನಮ್ಮ ಹಿರಿಯರ ಹೊಲದ ಬುತ್ತಿ ಇದೇ ಆಗಿತ್ತು. ಇಂಥವರು ಒಂಟಿಯಾಗಿ ದೂರ ಓಡಬಾರದು, ಹೊಲಕ್ಕೆ ಹೋಗುವಾಗ ಮೊಬೈಲ್ ಮರೆಯಬಾರದು, ಜೊತೆಯವರಿಗೆ ತಮ್ಮ ಕಾಯಿಲೆಯನ್ನು ತಿಳಿಸಿರಬೇಕು.

ಪಾದಯಾತ್ರೆ, ದಾಸೋಹಗಳನ್ನು ನಡೆಸುವ ಸೇವಾಸಮಿತಿಗಳಿಗೆ ನಮ್ಮ ಮೂರು ಸೂಚನೆಗಳಿವೆ. ಪ್ರಸಾದದ ಅನಂತರ ಯಾತ್ರಿಕರಿಗೆ ಸಾಕಷ್ಟು ವಿಶ್ರಾಂತಿ ದೊರೆಯುವಂತೆ ನಡಿಗೆಯ ವೇಳೆಯನ್ನು ಗೊತ್ತುಪಡಿಸಿರಿ. ಪಂಕ್ತಿಯಲ್ಲಿ ಗೋಧಿಯಿಲ್ಲದ ಒಂದು ಪದಾರ್ಥವಾದರೂ ಹೊಟ್ಟೆ ತುಂಬುವಷ್ಟಿರಲಿ. ಗೋಧಿ ಒಲ್ಲೆನೆಂದವರನ್ನು ಪ್ರಸಾದ ನಿರಾಕರಿಸಿದರೆಂದು ಬಗೆಯದಿರಿ. ದಾರಿಯ ಆರೋಗ್ಯ ಶಿಬಿರದಲ್ಲಿ ನೋವಿನ ಮಾತ್ರೆ ಹಂಚುವ ಮುನ್ನ "ಈ ಹಿಂದೆ ನಡೆಯುವಾಗ ಗಂಧೆ ಎದ್ದಿದ್ದವೇ?" ಎಂದು ಕೇಳಿರಿ, ಮತ್ತು ಶಿಬಿರದ ವೈದ್ಯರ ಬಳಿ ಅಡ್ರಿನಲಿನ್ ಇದೆಯೆಂದು ಖಚಿತಪಡಿಸಿಕೊಳ್ಳಿರಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಉಳಿಯುವುದು ಒಂದು ಜೀವ.

ಬೆವರು ಕಾಯಕದ ಗುರುತು. ಅದರೊಡನೆ ಏಳುವ ದದ್ದು ಹೆಚ್ಚಿನ ವೇಳೆ ತಂಪನ್ನೂ ವಿಶ್ರಾಂತಿಯನ್ನೂ ಬೇಡುವ ಸಣ್ಣ ದೂರು. ಅದರ ಜೊತೆಗೆ ಉಸಿರು ಕಟ್ಟಿದರೆ, ತುಟಿ ಊದಿದರೆ, ತಲೆ ಸುತ್ತಿದರೆ ಅದು ಪ್ರಾಣದ ಕೂಗು. ಈ ಒಂದು ವ್ಯತ್ಯಾಸವನ್ನು ಮನೆಯ ಮಕ್ಕಳಿಗೂ, ಹೊಲದ ಆಳುಗಳಿಗೂ, ನೆರೆಯವರಿಗೂ ತಿಳಿಸಿರೆಂದು ಸದ್ಭಕ್ತರಲ್ಲಿ ನಮ್ಮ ಪ್ರಾರ್ಥನೆ.